ಸ್ಥಾವರ ಮೂಲ, ಜಂಗಮ ಪ್ರತಿ

ಸೊಲ್ಲಾಪುರದಿಂದ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಬೋರಾಮಣಿ ಎಂಬ ಊರಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿಗೆ ಸೇರಿದ ಈ ಊರಿನ ಹೆಸರು ನಮ್ಮ ಸೀಮೆಯ ಶಿಕ್ಷಕರಿಗೆ ಹೊಸದಲ್ಲ. 2025ರ ಡಿಸೆಂಬರ್ ತಿಂಗಳಲ್ಲಿ ಅದು ದೂರದೂರದ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಅಲ್ಲಿಯ ಹುಲ್ಲುಗಾವಲಿನಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಸುತ್ತುಸುತ್ತಾಗಿ ಹೊಂದಿಸಿ ರಚಿಸಿದ ವರ್ತುಲಾಕಾರದ ಒಂದು ಚಕ್ರವ್ಯೂಹವು ಸಂಶೋಧಕರ ಕಣ್ಣಿಗೆ ಬಿದ್ದಿತ್ತು. ಅದರ ಅಗಲ ಸುಮಾರು 50 ಅಡಿ, ಸುತ್ತುಗಳು 15 ಎಂದೂ, ರೋಮ ಸಾಮ್ರಾಜ್ಯದೊಡನೆ ದಖ್ಖನದ ವ್ಯಾಪಾರ ನಡೆಯುತ್ತಿದ್ದ ಕಾಲದ್ದು, ಎಂದರೆ ಸುಮಾರು 2000 ವರ್ಷಗಳ ಹಿಂದಿನದು ಇರಬಹುದೆಂದೂ ವರದಿಯಾಯಿತು. ಇಂಥ ಆಕೃತಿಯು ನಮಗೆ ಬೇರೆಡೆಯಲ್ಲಿಯೂ ಪರಿಚಿತವೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯ ಮೇಲೆ ಅಭಿಮನ್ಯುವಿನ ಕಥೆಯೊಡನೆ ಇದನ್ನು ಕಡೆದಿದ್ದಾರೆ.

ಬೋರಾಮಣಿಯ ಈ ಆಕೃತಿಯ ಕಾಲನಿರ್ಣಯವನ್ನು ಇತಿಹಾಸಜ್ಞರಿಗೆ ಬಿಡೋಣ. ನಮ್ಮ ಮನಸ್ಸನ್ನು ಹಿಡಿದದ್ದು ಇನ್ನೊಂದು ಸಂಗತಿ. ಆಕಾಶದಿಂದ ತೆಗೆದ ಛಾಯಾಚಿತ್ರದಲ್ಲಿ ಇಂಥ ರಚನೆಯೊಂದು ಪೂರ್ತಿಯಾಗಿ ಒಂದೇ ನೋಟಕ್ಕೆ ದಕ್ಕುತ್ತದೆ. ನೆಲದ ಮೇಲೆ ನಿಂತವನಿಗೆ ಹಾಗೆ ದಕ್ಕುವುದಿಲ್ಲ. ಅವನಿಗೆ ಕಾಣುವುದು ಕಾಲಬುಡದ ಎರಡು ಸಾಲು ಕಲ್ಲು ಮತ್ತು ಅದರಾಚೆಯ ಹುಲ್ಲು. ಅದನ್ನು ಕಟ್ಟಿದವರೇ ಹೀಗೆ ಮೇಲಿನಿಂದ ನೋಡಿರಲಾರರು. ಹಾಗಾದರೆ ಮೂಲಕ್ಕಿಂತ ಚಿತ್ರವೇ ಮೇಲೆನ್ನೋಣವೆ? ಚಕ್ರವ್ಯೂಹವು ಕಣ್ಣಿಗಾಗಿ ಮಾಡಿದ್ದಲ್ಲ, ಕಾಲಿಗಾಗಿ ಮಾಡಿದ್ದು. ಅದರ ಒಂದೇ ದಾರಿಯನ್ನು ಹಿಡಿದು, ನಡು ಹತ್ತಿರ ಬಂತೆನ್ನುವಾಗಲೇ ಹೊರಸುತ್ತಿಗೆ ತಿರುಗಿ, ಮತ್ತೆ ಒಳಗೆ ಬರುವ ಅನುಭವವು ಯಾವ ಚಿತ್ರದಲ್ಲಿಯೂ ಇಲ್ಲ. ಪ್ರತಿಯು ಮೂಲದಲ್ಲಿಲ್ಲದ ಒಂದನ್ನು ಕೊಟ್ಟಿತು. ಮೂಲದಲ್ಲಿದ್ದ ಒಂದನ್ನು ಬಿಟ್ಟುಬಂದಿತು. ಕಲಾಕೃತಿಗಳನ್ನು ಯಂತ್ರದಿಂದ ಪ್ರತಿಮಾಡುವ ಎಲ್ಲ ವಿದ್ಯೆಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಅದನ್ನು ನಮ್ಮ ನಾಡಿನ ನಾಲ್ಕು ಉದಾಹರಣೆಗಳಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಎರಡು ಪದಗಳು

ಜರ್ಮನ್ ವಿಚಾರವಂತ ವಾಲ್ಟರ್ ಬೆಂಜಮಿನ್ (1892–1940) ಈ ವಿಷಯವನ್ನು ಕುರಿತು ಬರೆದ ಪ್ರಬಂಧವು 1936ರಲ್ಲಿ ಬೆಳಕಿಗೆ ಬಂದಿತು. ಆತನ ವಾದದ ತಿರುಳು ಇಷ್ಟು: ಮೂಲ ಕಲಾಕೃತಿಯು ಒಂದು ನಿಶ್ಚಿತ ಸ್ಥಳದಲ್ಲಿ, ಒಂದು ನಿಶ್ಚಿತ ಕಾಲದಲ್ಲಿ ಇರತಕ್ಕದ್ದು. ಅದರ ಸುತ್ತ ಒಂದು ಪ್ರಭೆ ಇರುತ್ತದೆ. ಎಷ್ಟೇ ಹತ್ತಿರ ಹೋದರೂ ನಮ್ಮ ವಶವಾಗದಂಥ ಒಂದು ದೂರ ಅದರಲ್ಲಿ ಉಳಿದಿರುತ್ತದೆ. ಛಾಯಾಚಿತ್ರ, ಚಲಚ್ಚಿತ್ರಗಳಂಥ ಯಾಂತ್ರಿಕ ಪ್ರತಿಗಳು ಕಲೆಯನ್ನು ಎಲ್ಲರ ಕೈಗೆ ತಲುಪಿಸುತ್ತವೆ. ಆದರೆ ಆ ಪ್ರಭೆ ಅವುಗಳಲ್ಲಿ ಕುಂದುತ್ತದೆ. ಕಲೆಯು ಪೂಜೆಯ ಆವರಣದಿಂದ ಹೊರಬಿದ್ದು ಪ್ರದರ್ಶನದ ವಸ್ತುವಾಗುತ್ತದೆ.

ಈ ವಿಚಾರವನ್ನು ಹೇಳಲು ಕನ್ನಡದಲ್ಲಿ ನಮಗೆ ಒಳ್ಳೆಯ ಪದಗಳೇ ಇವೆ. ಪ್ರಭೆಯನ್ನು ನಾವು ‘ಸನ್ನಿಧಿ’ ಎನ್ನಬಹುದು. ಮೂಲ, ಪ್ರತಿಗಳನ್ನು ವಚನಕಾರರಿಂದ ಬಂದ ‘ಸ್ಥಾವರ’, ‘ಜಂಗಮ’ ಎಂಬ ಪದಗಳಿಂದ ಕರೆಯಬಹುದು. ಶಾಸ್ತ್ರದಲ್ಲಿ ಈ ಪದಗಳಿಗಿರುವ ಅರ್ಥವು ಬಲು ಆಳವಾದುದು. ನಾವಿಲ್ಲಿ ಅವನ್ನು ನಿಂತದ್ದು, ಚಲಿಸುವಂಥದು ಎಂಬಷ್ಟೇ ಅರ್ಥದಲ್ಲಿ ಬಳಸುತ್ತೇವೆ. ಗುಡಿಯ ಮೂಲವಿಗ್ರಹವು ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಕುಳಿತು ಓಣಿಓಣಿಗೆ ಬರುತ್ತದೆ. ಗುಡಿಯ ಮೆಟ್ಟಿಲನ್ನು ಏರಲಾರದ ಮುದುಕಿಗೆ ಅದೇ ದರ್ಶನ. ಮೂಲವೂ ಬೇಕು, ಮನೆಯ ಬಾಗಿಲಿಗೆ ಬರುವ ರೂಪವೂ ಬೇಕು ಎಂಬ ತಿಳಿವಳಿಕೆಯು ನಮ್ಮ ಜನಕ್ಕೆ ಯಂತ್ರಗಳು ಬರುವುದಕ್ಕಿಂತ ಎಷ್ಟೋ ಮೊದಲೇ ಇದ್ದಿತು.

ಕಲ್ಲು ಮತ್ತು ಕಾಗದ

ಶಾಸನದ ಪಡಿಯಚ್ಚು ನಮ್ಮ ಮೊದಲನೆಯ ಉದಾಹರಣೆ. ಬೋರಾಮಣಿ ಇರುವ ತಾಲೂಕಿನಲ್ಲಿಯೇ, ಭೀಮಾ ಮತ್ತು ಸೀನಾ ನದಿಗಳ ಸಂಗಮದಲ್ಲಿ, ಹತ್ತರಸಂಗ ಕೂಡಲವಿದೆ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿರುವ ಶಕವರ್ಷ 940ರ, ಎಂದರೆ ಕ್ರಿ. ಶ. 1018ರ ಶಾಸನವನ್ನು ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಗಣಿಸಿದ್ದಾರೆ. ಜಿಲ್ಲೆಯ ತುಂಬ ಕನ್ನಡ ಶಾಸನಗಳೂ ಹರಡಿಕೊಂಡಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವು 1988ರಲ್ಲಿ ಪ್ರಕಟವಾಯಿತು.

ಪಡಿಯಚ್ಚು ತೆಗೆಯುವ ಕ್ರಮವನ್ನು ಬಲ್ಲವರು ಬಲ್ಲರು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬಿರುಸಾದ ಬ್ರಶ್ಶಿನಿಂದ ಬಡಿಯುತ್ತಾರೆ. ಕಾಗದವು ಅಕ್ಷರಗಳ ಕುಳಿಯೊಳಗೆ ಇಳಿಯುತ್ತದೆ. ಅರೆಬರೆ ಆರಿದ ಮೇಲೆ ಮಸಿಯುಂಡೆಯಿಂದ ಮೆಲ್ಲಗೆ ತಟ್ಟಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಇಲ್ಲಿ ಕಾಗದವು ಕಲ್ಲನ್ನು ಮುಟ್ಟಿಯೇ ಅಕ್ಷರವನ್ನು ಎತ್ತಿಕೊಂಡಿದೆ. ಬಿಸಿಲಲ್ಲಿ ನಿಂತು ಕಲ್ಲಿನ ಮೇಲೆ ಓದಲಾಗದ ಅಕ್ಷರವು ಎಷ್ಟೋ ಸಲ ಪಡಿಯಚ್ಚಿನಲ್ಲಿ ಓದಿಗೆ ಸಿಗುತ್ತದೆ. ಮುಂದೆ ಕಲ್ಲು ಸವೆದರೆ, ಒಡೆದರೆ, ಮನೆಯ ಪಾಯಕ್ಕೆ ಹೋದರೆ, ಉಳಿಯುವ ಸಾಕ್ಷಿ ಅದೊಂದೇ.

ಆದರೆ ಆ ಕಲ್ಲು ಯಾವ ದಿಕ್ಕಿಗೆ ಮುಖಮಾಡಿ ನಿಂತಿದೆ, ಅದರ ಎದುರಿಗೆ ಹೊಲವಿದೆಯೋ ಹೊಳೆಯಿದೆಯೋ, ಊರಿನವರು ಅದಕ್ಕೆ ಎಣ್ಣೆ ಎರೆಯುತ್ತಾರೋ ಅದರ ಮೇಲೆ ಬಟ್ಟೆ ಒಗೆಯುತ್ತಾರೋ, ಇದಾವುದೂ ಕಾಗದದಲ್ಲಿ ಬರುವುದಿಲ್ಲ. ಕೂಡಲದಲ್ಲಿಯೇ ಮುನ್ನೂರಕ್ಕೂ ಹೆಚ್ಚು ಸಣ್ಣ ಮುಖಗಳನ್ನು ಕಡೆದ ಬಹುಮುಖಿ ಲಿಂಗವೊಂದಿದೆ. ಅದರ ಚಿತ್ರವು ಒಂದು ಪಾರ್ಶ್ವವನ್ನು ಮಾತ್ರ ತೋರಿಸಬಲ್ಲುದು. ಲಿಂಗವಾದರೋ ನಮ್ಮಿಂದ ಪ್ರದಕ್ಷಿಣೆಯನ್ನು ಬೇಡುತ್ತದೆ. ಇಲ್ಲಿ ಪ್ರತಿಯು ಓದಿಗೆ ಸಹಾಯಮಾಡಿತು; ಸನ್ನಿಧಿಯು ಹೊಳೆಯ ದಂಡೆಯಲ್ಲಿಯೇ ಉಳಿಯಿತು.

ಅರಮನೆಯಿಂದ ಜಗುಲಿಗೆ

ಎರಡನೆಯ ಉದಾಹರಣೆಯು ನಮ್ಮ ಮನೆಗಳ ಗೋಡೆಯ ಮೇಲೆಯೇ ಇದೆ. ರಾಜಾ ರವಿವರ್ಮ (1848–1906) ತೈಲವರ್ಣದಲ್ಲಿ ಬರೆದ ಪೌರಾಣಿಕ ಚಿತ್ರಗಳು ಬಡೋದೆ, ಮೈಸೂರುಗಳಂಥ ಸಂಸ್ಥಾನಗಳ ಅರಮನೆಗಳಲ್ಲಿ ಇದ್ದಂಥವು. ಅವುಗಳ ಅಚ್ಚಿನ ಪ್ರತಿ ತೆಗೆಸುವುದು ಒಳಿತೆಂದು, ತಿರುವಾಂಕೂರು, ಬಡೋದೆಗಳಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಸೂಚಿಸಿದ್ದರು. ರವಿವರ್ಮನ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 1899ರಲ್ಲಿ ಲೋಣಾವಳೆಯ ಹತ್ತಿರದ ಮಳವಲಿಗೆ ಸ್ಥಳಾಂತರಗೊಂಡಿತು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದವು. ಕೆಲವು ವರ್ಷಗಳಲ್ಲಿ ಆ ಮುದ್ರಣಾಲಯವು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರನ ಒಡೆತನಕ್ಕೆ ಹೋಯಿತು. ಮಳವಲಿಯು ಮುಂಬಯಿ–ಪುಣೆ ರೈಲುದಾರಿಯ ಮೇಲಿದೆ. ಅದೇ ದಾರಿ ಮುಂದೆ ಸೊಲ್ಲಾಪುರಕ್ಕೆ ಬರುತ್ತದೆ.

ಈ ಮುದ್ರಣಕ್ಕೆ ಆಧಾರವಾದದ್ದು ಕಲ್ಲಚ್ಚು. ಬವೇರಿಯದ ಆಲೋಯ್ಸ್ ಸೆನೆಫೆಲ್ಡರನು 1796ರ ಸುಮಾರಿಗೆ ಕಂಡುಹಿಡಿದ ವಿದ್ಯೆಯಿದು. ಎಣ್ಣೆಗೂ ನೀರಿಗೂ ಕೂಡದು ಎಂಬುದೇ ಇದರ ಗುಟ್ಟು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಜಿಡ್ಡಿನ ಮಸಿಯನ್ನು ಸವರಿದರೆ, ಮಸಿಯು ಚಿತ್ರದ ಗೆರೆಗೆ ಮಾತ್ರ ಹತ್ತುತ್ತದೆ. ಬಣ್ಣಕ್ಕೊಂದು ಕಲ್ಲು ಬೇಕು. ಒಂದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಒತ್ತಬೇಕು. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಕಲ್ಲಚ್ಚಿನಲ್ಲಿಯೇ ಹೊರಬಂದಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಹೀಗೆ ಅರಮನೆಯ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ಮನೆಯ ಜಗುಲಿಗೆ ಬಂದರು. ಗುಡಿಯೊಳಗೆ ಕಾಲಿಡಗೊಡದಿದ್ದ ಜನರ ಮನೆಗೂ ಬಂದರು. ಈ ಲಾಭವನ್ನು ಅಲ್ಪವೆನ್ನಲಾಗದು. ಬೆಂಜಮಿನ್ನನ ವಾದವು ನಮ್ಮ ನಾಡಿನಲ್ಲಿ ಪೂರ್ತಿ ಒಪ್ಪದಿರುವುದೂ ಇಲ್ಲಿಯೇ. ಆತನ ಪ್ರಕಾರ ಪ್ರತಿಯು ಕಲೆಯನ್ನು ಪೂಜೆಯಿಂದ ಬಿಡಿಸಬೇಕು. ನಮ್ಮಲ್ಲಿ ಅರಮನೆಯ ಗೋಡೆಗೆ ಅಲಂಕಾರವಾಗಿದ್ದ ಚಿತ್ರವೇ ಪ್ರತಿಯಾದ ಮೇಲೆ ಪೂಜೆಗೆ ಪಾತ್ರವಾಯಿತು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಪಟವನ್ನು ನೋಡಿರಿ. ಅಂಗಡಿಯಲ್ಲಿ ತೂಗುಹಾಕಿದ ನೂರು ಪಟಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಮನೆಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ದೀಪದ ಹೊಗೆಗೆ ಅಂಚು ಕಪ್ಪಾಗಿ, ಮನೆಯ ಮೂರು ತಲೆಮಾರಿನ ಸುಖದುಃಖಗಳನ್ನು ಕಂಡ ಮೇಲೆ ಅದೊಂದು ಪಟವು ಬೇರೆ ಯಾವುದಕ್ಕೂ ಸಾಟಿಯಾಗದಂಥದು ಆಗುತ್ತದೆ. ಅದನ್ನು ಕೊಟ್ಟು ಹೊಸದನ್ನು ಒಯ್ಯಿರೆಂದರೆ ಯಾವ ಮುತ್ತೈದೆಯೂ ಒಪ್ಪಲಾರಳು. ಅಚ್ಚಿನ ಯಂತ್ರವು ಕೊಡದ ಸನ್ನಿಧಿಯನ್ನು ಬಳಕೆಯು ಕೊಟ್ಟಿತು. ಪ್ರತಿಯಲ್ಲಿ ಸನ್ನಿಧಿ ನಾಶವಾಗುವುದೆಂಬುದಕ್ಕಿಂತ, ಅದನ್ನು ತುಂಬುವ ಹೊಣೆಯು ಪಡೆದವನ ಮೇಲೆ ಬೀಳುವುದೆಂಬುದೇ ಹೆಚ್ಚು ಸಮಂಜಸವೆಂದು ನಮಗೆ ತೋರುತ್ತದೆ.

ಓಲೆಗರಿಯಿಂದ ಅಚ್ಚಿನ ಮೊಳೆಗೆ

ಮೂರನೆಯದು ಸಾಹಿತ್ಯದ ಮಾತು. ಸೊನ್ನಲಿಗೆಯ ಸಿದ್ಧರಾಮನು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ರಾಘವಾಂಕನು ಅವನ ಚರಿತ್ರೆಯನ್ನು ಕಾವ್ಯವಾಗಿಸಿದನು. ಆ ವಚನಗಳು ಶತಮಾನಗಳ ಕಾಲ ಉಳಿದದ್ದು ಜನರ ಕಂಠದಲ್ಲಿ ಮತ್ತು ಮಠಮನೆಗಳ ಓಲೆಗರಿಗಳಲ್ಲಿ. ಓಲೆಯ ಪ್ರತಿ ಮಾಡುವವನು ಯಂತ್ರವಲ್ಲ. ಅವನೂ ಒಬ್ಬ ಓದುಗ. ಕಂಟದಿಂದ ಗರಿಯನ್ನು ಕೊರೆಯುತ್ತ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ನುಡಿದುಕೊಂಡೇ ಬರೆಯಬೇಕು. ಕೊನೆಗೆ ತಪ್ಪುಗಳನ್ನು ತಿದ್ದಿಕೊಳ್ಳಿರೆಂದು ಬಲ್ಲವರನ್ನು ಬೇಡಿಕೊಳ್ಳುವ ವಾಡಿಕೆಯೂ ಇದ್ದಿತು.

ಇವನ್ನು ಅಚ್ಚಿಗೆ ತಂದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು (1880–1964). ವಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲರಾಗಿದ್ದ ಅವರು ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿದರು. ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಪ್ರಕಟವಾಯಿತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾಗಿದೆ. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಮಠದ ಗಂಟಿನಲ್ಲಿದ್ದ ಮಾತು ಮನೆಮನೆಯ ಪುಸ್ತಕವಾಯಿತು.

ಆದರೆ ಅಚ್ಚು ವಚನದ ರೂಪವನ್ನೂ ಬದಲಿಸಿತೆಂಬುದನ್ನು ನಾವು ಗಮನಿಸುವುದು ಕಡಿಮೆ. ಓಲೆಯಲ್ಲಿ ಸಾಲು ಮುರಿಯುವ ಪದ್ಧತಿಯಿಲ್ಲ. ಮಾತು ಗರಿಯ ಈ ತುದಿಯಿಂದ ಆ ತುದಿಗೆ ಹರಿಯುತ್ತ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಓದುವವನ ಉಸಿರೂ ಅರ್ಥಜ್ಞಾನವೂ ನಿರ್ಧರಿಸುತ್ತಿದ್ದವು. ಇಂದಿನ ಪಠ್ಯಪುಸ್ತಕಗಳಲ್ಲಿ ವಚನವು ಚಿಕ್ಕ ಚಿಕ್ಕ ಸಾಲುಗಳಾಗಿ ಒಡೆದು ನಿಂತಿದೆ. ಆ ನಿಲುಗಡೆಯು ಸಂಪಾದಕರದು, ಸಿದ್ಧರಾಮನದಲ್ಲ. ಇದರಿಂದ ಮಕ್ಕಳಿಗೆ ಓದು ಸುಲಭವಾಯಿತು, ವಚನವು ಕವಿತೆಯೆಂಬ ಭಾವನೆಯೂ ಬೆಳೆಯಿತು. ಜೊತೆಗೆ, ತಾವೇ ನುಡಿದು ನೋಡಿ ನಿಲುಗಡೆಯನ್ನು ಕಂಡುಕೊಳ್ಳುವ ಒಂದು ಅಭ್ಯಾಸವು ತಪ್ಪಿಹೋಯಿತು.

ತಟ್ಟೆಯೊಳಗಿನ ಧ್ವನಿ

ನಾಲ್ಕನೆಯದು ಸಂಗೀತ. ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗನು 1902ರಲ್ಲಿ ಕಲಕತ್ತೆಗೆ ಬಂದು ನಮ್ಮ ದೇಶದ ಗಾಯನವನ್ನು ಮುದ್ರಿಸಿಕೊಂಡನು. ಅರಗಿನ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ಮಿನಿಟಿನ ಹಾಡು. ಇರುಳೆಲ್ಲ ಹಾಡಬಲ್ಲ ಗವಾಯಿಯು ರಾಗದ ಸತ್ವವನ್ನು ಅಷ್ಟರಲ್ಲಿಯೇ ಹಿಂಡಿ ಕೊಡಬೇಕಾಗಿತ್ತು. ಕೇಳುವವರ ‘ವಾಹವಾ’ ಇಲ್ಲ, ಎದುರಿಗೆ ಮುಖಗಳಿಲ್ಲ. ಒಂದು ಕಹಳೆಯ ಬಾಯಿಗೆ ಹಾಡಬೇಕು. ಈ ಯಂತ್ರಕ್ಕೆ ಒಲಿಯದವರೂ ಇದ್ದರು. ಅಲ್ಲಾದಿಯಾ ಖಾನರ (1855–1946) ಧ್ವನಿಯ ತಟ್ಟೆಯು ನಮಗೆ ಉಳಿದಿಲ್ಲ. ಅವರ ಗಾಯಕಿಯಾದರೋ ಅವರ ಮಕ್ಕಳಾದ ಮಂಜೀಖಾನ, ಭುರ್ಜೀಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ (1910–1992) ಬಂದಿತು.

ತಟ್ಟೆಯ ಮಹಿಮೆಯನ್ನು ತೋರಿಸುವ ಕಥೆಯು ಗದುಗಿನದು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಠುಮ್ರಿಯ ತಟ್ಟೆಯನ್ನು ಕೇಳಿದರು. ಹಾಗೆ ಹಾಡಬೇಕೆಂಬ ಹಂಬಲ ಹತ್ತಿ, 1933ರಲ್ಲಿ ಮನೆ ಬಿಟ್ಟು ಹೊರಟರು. ವಿಜಾಪುರ, ಗ್ವಾಲಿಯರ, ಕಲಕತ್ತೆ, ಜಲಂಧರಗಳನ್ನು ಸುತ್ತಿ, ಕೊನೆಗೆ ತಮ್ಮ ಊರಿನ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ (1886–1952) ಶಿಷ್ಯರಾದರು. ಸವಾಯಿ ಗಂಧರ್ವರು ಅದೇ ಕರೀಮ್ ಖಾನರ ಶಿಷ್ಯರು! ತಟ್ಟೆಯಲ್ಲಿ ಕೇಳಿದ ಧ್ವನಿಯು ಹುಡುಗನನ್ನು ಭಾರತವೆಲ್ಲ ತಿರುಗಿಸಿ, ಆ ಧ್ವನಿಯನ್ನೇ ಜೀವಂತವಾಗಿ ಧರಿಸಿದ ಗುರುವಿನ ಮುಂದೆ ತಂದು ಕೂಡಿಸಿತು.

ಇದರಲ್ಲಿ ನಮ್ಮ ವಿಷಯದ ಸಾರವೆಲ್ಲ ಇದೆ. ತಟ್ಟೆಯು ಹಸಿವನ್ನು ಹುಟ್ಟಿಸಿತು, ವಿದ್ಯೆಯನ್ನು ಕೊಡಲಿಲ್ಲ. ವಿದ್ಯೆಗೆ ಗುರುವಿನ ಮನೆಯ ನೀರು ಹೊರಬೇಕಾಯಿತು, ವರ್ಷಗಟ್ಟಲೆ ಒಂದೇ ರಾಗವನ್ನು ತಿದ್ದಬೇಕಾಯಿತು. ಆದರೆ ಆ ತಟ್ಟೆ ಇಲ್ಲದಿದ್ದರೆ ಪಯಣವೇ ಹೊರಡುತ್ತಿರಲಿಲ್ಲ. ಮುಂದೆ ಅವರೇ ಹಾಡಿದ ಮರಾಠಿ ಅಭಂಗಗಳೂ ಕನ್ನಡ ದಾಸರ ಪದಗಳೂ ಧ್ವನಿಸುರುಳಿಗಳಾಗಿ ಗಡಿಯ ಎರಡೂ ಬದಿಯ ಮನೆಗಳನ್ನು ತುಂಬಿದವು. ಪಂಢರಪುರದ ವಾರಿಗೆ ಹೋಗುವ ನಮ್ಮ ಜನಕ್ಕೆ ಆ ಎರಡೂ ತಮ್ಮವೇ ಆದವು.

ಶಿಕ್ಷಕರ ಪಾಲಿನ ಕೆಲಸ

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ವಿಚಾರವು ಏಕೆ ಮುಖ್ಯವೆಂಬುದನ್ನು ಹೇಳಿ ಮುಗಿಸುತ್ತೇವೆ. ನಮ್ಮ ಮಕ್ಕಳಿಗೆ ಕನ್ನಡದ ಕಲೆಯು ಬಹುಮಟ್ಟಿಗೆ ಪ್ರತಿಯ ಮೂಲಕವೇ ದೊರೆಯುತ್ತದೆ. ಪಠ್ಯಪುಸ್ತಕದ ಚಿತ್ರ, ಮೊಬೈಲಿನ ವಚನಗಾಯನ, ಯೂಟ್ಯೂಬಿನ ಯಕ್ಷಗಾನ. ಇದರಿಂದ ಮೂಲವೆಂಬುದು ಎಲ್ಲೋ ಧಾರವಾಡ ಬೆಂಗಳೂರುಗಳಲ್ಲಿ ಇದೆ, ನಮ್ಮ ಪಾಲಿಗೆ ಬಂದದ್ದು ಅದರ ನೆರಳು ಎಂಬ ಕೀಳರಿಮೆ ಬೆಳೆಯುವ ಭಯವುಂಟು. ವಸ್ತುಸ್ಥಿತಿ ಬೇರೆಯಿದೆ. ಸಿದ್ಧರಾಮನ ವಚನಗಳ ಪ್ರತಿಯು ಬೆಂಗಳೂರಿನ ಮಗುವಿನ ಕೈಯಲ್ಲಿಯೂ ಇದೆ. ಅವನ ಗದ್ದುಗೆ, ಅವನು ಕಟ್ಟಿಸಿದ ಕೆರೆ, ಸಂಕ್ರಾಂತಿಯಲ್ಲಿ ಕನ್ನಡ ಮರಾಠಿಗಳೆಂಬ ಭೇದವಿಲ್ಲದೆ ಜನರು ಹೊತ್ತು ನಡೆಯುವ ಏಳು ನಂದಿಧ್ವಜಗಳು ಇರುವುದು ನಮ್ಮ ಸೊಲ್ಲಾಪುರದಲ್ಲಿ. ಕೂಡಲದ ಕಲ್ಲು ನಮ್ಮ ಹೊಳೆಯ ದಂಡೆಯಲ್ಲಿದೆ. ಪ್ರತಿಗಳನ್ನು ಪಡೆದು ಬದುಕುವವರೆಂದು ನಾವು ತಿಳಿದುಕೊಂಡಿದ್ದೇವೆ. ಮೂಲಗಳ ಒಕ್ಕಲು ನಾವೇ.

ಆದುದರಿಂದ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು, ತರಗತಿಯಲ್ಲಿ ಚಿತ್ರವನ್ನು ತೋರಿಸಿದ ಮೇಲೆ, ಮೂಲವು ಹತ್ತಿರದಲ್ಲಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು. ಎರಡನೆಯದು, ವಚನವನ್ನು ಯಂತ್ರದಿಂದ ಕೇಳಿಸಿದ ಮೇಲೆ ಯಂತ್ರವನ್ನು ನಿಲ್ಲಿಸಿ, ಮಕ್ಕಳ ಬಾಯಿಂದಲೇ ನುಡಿಸುವುದು; ಸಾಲು ಒಡೆಯದೆ ಬರೆದುಕೊಟ್ಟು, ಎಲ್ಲಿ ನಿಲ್ಲಬೇಕೆಂಬುದನ್ನು ಅವರೇ ಹುಡುಕುವಂತೆ ಮಾಡುವುದು. ಮೂರನೆಯದು ಅತ್ಯಂತ ಅವಸರದ್ದು. ಹಂತಿಯ ಹಾಡಿಗೆ ಕಣವೇ ಸನ್ನಿಧಿಯಾಗಿತ್ತು. ರಾಶಿಯ ಯಂತ್ರ ಬಂದ ಮೇಲೆ ಎತ್ತುಗಳೂ ಇಲ್ಲ, ಹಂತಿಯೂ ಇಲ್ಲ. ಬೀಸುವ ಕಲ್ಲು ಮೂಲೆಗೆ ಸೇರಿತು, ಬೀಸುವ ಪದ ಅಜ್ಜಿಯರ ನೆನಪಿಗೆ ಸೇರಿತು. ಇವುಗಳ ಸ್ಥಾವರವು ಕುಸಿದಿದೆ. ಉಳಿಯುವುದಿದ್ದರೆ ಜಂಗಮರೂಪದಲ್ಲಿಯೇ ಉಳಿಯಬೇಕು. ಪ್ರತಿಯೊಬ್ಬ ಶಿಕ್ಷಕನ ಕಿಸೆಯಲ್ಲಿಯೂ ಇಂದು ಧ್ವನಿಮುದ್ರಣದ ಯಂತ್ರವಿದೆ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನ, ಯಾವ ಕೆಲಸದಲ್ಲಿ ಹಾಡುತ್ತಿದ್ದರೆಂಬ ವಿವರಗಳೊಡನೆ ಹಾಡನ್ನು ಮುದ್ರಿಸಿಡಬೇಕು. ವಿವರವಿಲ್ಲದ ಹಾಡು ಊರಿನ ಹೆಸರಿಲ್ಲದ ಶಾಸನವಿದ್ದಂತೆ.

ಬೋರಾಮಣಿಯ ಚಕ್ರವ್ಯೂಹದ ಚಿತ್ರವನ್ನು ಮಕ್ಕಳಿಗೆ ಅವಶ್ಯ ತೋರಿಸೋಣ. ಆಮೇಲೆ ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಂಥದೊಂದನ್ನು ಬರೆದು, ಅದರಲ್ಲಿ ಅವರನ್ನು ನಡೆಸೋಣ. ಹುಲ್ಲುಗಾವಲಿಗೆ ಹೋಗುವ ಅವಕಾಶ ದೊರೆತ ದಿನ, ಒಂದು ಕಲ್ಲನ್ನೂ ಕದಲಿಸದೆ ದೂರ ನಿಂತು ಮೂಲವನ್ನು ನೋಡುವ ವಿವೇಕವು ಹಾಗೆ ನಡೆದ ಮಕ್ಕಳಿಗೆ ತಾನಾಗಿಯೇ ಬಂದಿರುತ್ತದೆ.